ಕುರ್ಚಿಗೆ ಕಣ್ಣು ಕೊಟ್ಟವರು

ಟೆಕ್ಸಸ್ಸಿನಲ್ಲಿ ಈಗ ಯಾವ ಹೊಸ ಕಛೇರಿ ಕಟ್ಟಿದರೂ ಅದು 'ಸ್ಮಾರ್ಟ್' ಕಛೇರಿಯೇ. ಒಳಗೆ ಕಾಲಿಟ್ಟರೆ ದೀಪ ತಾನಾಗಿ ಹತ್ತುತ್ತದೆ, ಎದ್ದು ಹೋದರೆ ಆರುತ್ತದೆ. ಮೇಜು ಕಾಯ್ದಿರಿಸಲು ಆ್ಯಪ್ ಇದೆ, ಮೀಟಿಂಗ್ ಕೋಣೆಯ ಬಾಗಿಲಿಗೆ ಪರದೆ ಇದೆ, ಮೇಜಿನ ಅಡಿಯಲ್ಲಿ ಬೆಂಕಿಪೊಟ್ಟಣದಂಥ ಒಂದು ಸೆನ್ಸರ್ ಅಂಟಿಕೊಂಡಿದೆ. ಇದೆಲ್ಲ ಯಾಕಪ್ಪಾ ಎಂದು ಕೇಳಿದರೆ ಬರುವ ಉತ್ತರ ಒಂದೇ: ನೌಕರರ ನೆರವಿಗಾಗಿ. ನನ್ನ ತಕರಾರು ತಂತ್ರಜ್ಞಾನದ ಮೇಲಲ್ಲ. ಅದರ ಉಪ್ಪು ತಿಂದೇ ನಮ್ಮಲ್ಲಿ ಹೆಚ್ಚಿನವರ ಮನೆ ನಡೆದಿದೆ, ಮಕ್ಕಳು ಕಾಲೇಜು ಮುಗಿಸಿದ್ದಾರೆ, ಊರಿನಲ್ಲಿ ಅಪ್ಪ ಅಮ್ಮನ ಆಸ್ಪತ್ರೆಯ ಬಿಲ್ಲು ಕಟ್ಟಿದ್ದಾಗಿದೆ. ನನ್ನ ತಕರಾರು ಆ 'ನೆರವು' ಎಂಬ ಮಾತಿನ ಮೇಲೆ. ಆ ಮಾತನ್ನು ಹಾಗೆಯೇ ನಂಬಿ ಸಹಿ ಹಾಕುವುದನ್ನು ನಾವು ನಿಲ್ಲಿಸಬೇಕು ಎಂಬುದು ಈ ಬರಹದ ವಾದ.

ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ರಸ್ತೆಯ ಸುತ್ತಲಿನ ಪ್ರದೇಶಕ್ಕೆ 2010ರಲ್ಲಿ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎಂದು ಹೆಸರಿಟ್ಟರು. ಸೀರೆಯಂಗಡಿ, ಒಡವೆಯಂಗಡಿ, ದಿನಸಿ ಅಂಗಡಿಗಳ ನಡುವೆ ಅಲ್ಲಿ ಚಿಕ್ಕಚಿಕ್ಕ ಕಛೇರಿಗಳೂ ಇವೆ. ತೆರಿಗೆ ಲೆಕ್ಕ ಬರೆದುಕೊಡುವವರು, ವಿಮಾನದ ಟಿಕೆಟ್ ಮಾಡಿಸಿಕೊಡುವವರು, ವೀಸಾ ವಕೀಲರು. ಗಾಂಧೀಜಿಯ ಹೆಸರು ಹೊತ್ತ ಬೀದಿ ಇರುವ ನಾಡಿನಲ್ಲಿ ಯಂತ್ರದ ಬಗ್ಗೆ ಮಾತಾಡುವಾಗ ಗಾಂಧೀಜಿಯ ಒಂದು ಮಾತನ್ನು ನೆನೆಯದೆ ಇರಲಾಗದು. ಅವರು ಯಂತ್ರದ್ವೇಷಿ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಆದರೆ 1924ರಲ್ಲಿ ಯಾರೋ ಕೇಳಿದಾಗ ಅವರು ಸಿಂಗರ್ ಹೊಲಿಗೆ ಯಂತ್ರವನ್ನು ಬಾಯಿತುಂಬ ಹೊಗಳಿದ್ದರು. ಅವರು ಕೊಟ್ಟ ಕಾರಣ ಗಮನಿಸಬೇಕಾದ್ದು: ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ದಣಿಯುವುದನ್ನು ನೋಡಲಾರದೆ, ಅವಳ ಮೇಲಿನ ಪ್ರೀತಿಯಿಂದ ಸಿಂಗರ್ ಆ ಯಂತ್ರವನ್ನು ಮಾಡಿದ ಎಂಬುದು. ಕಥೆ ಎಷ್ಟು ನಿಜವೋ, ಅಳತೆಗೋಲು ಮಾತ್ರ ಅಪ್ಪಟ. ಯಂತ್ರ ಹುಟ್ಟಿದ್ದು ದುಡಿಯುವವರ ದಣಿವು ಕಂಡೋ, ಅಥವಾ ದುಡಿಸುವವರ ಅನುಮಾನ ಕಂಡೋ? ಈ ಒಂದು ಪ್ರಶ್ನೆಯನ್ನು ಹಿಡಿದು ನಮ್ಮ ಪ್ಲೇನೋ, ಅರ್ವಿಂಗ್, ರೌಂಡ್ ರಾಕ್, ಕೇಟಿ ಕಡೆಯ ಕಛೇರಿಗಳನ್ನು ಒಮ್ಮೆ ಸುತ್ತಿಬರೋಣ.

ಮೊದಲು ಸ್ವಲ್ಪ ಇತಿಹಾಸ. 1960ರ ದಶಕದಲ್ಲಿ ಹರ್ಮನ್ ಮಿಲ್ಲರ್ ಎಂಬ ಪೀಠೋಪಕರಣದ ಕಂಪನಿಗಾಗಿ ರಾಬರ್ಟ್ ಪ್ರಾಪ್ಸ್ಟ್ ಎಂಬಾತ 'ಆಕ್ಷನ್ ಆಫೀಸ್' ಎಂಬ ವಿನ್ಯಾಸ ಮಾಡಿದ. ಸಾಲಾಗಿ ಮೇಜು ಹಾಕಿ ಶಾಲೆಯ ಮಕ್ಕಳ ಹಾಗೆ ಕೂರಿಸುತ್ತಿದ್ದ ಗುಮಾಸ್ತರಿಗೆ ತಮ್ಮದೇ ಜಾಗ ಬೇಕು, ಕೆಲವೊಮ್ಮೆ ನಿಂತು ಕೆಲಸ ಮಾಡುವಂತಿರಬೇಕು, ಗೋಡೆಗಳನ್ನು ಬೇಕಾದಂತೆ ಸರಿಸುವಂತಿರಬೇಕು ಎಂಬುದು ಅವನ ಆಸೆ. ಕಂಪನಿಗಳು ಅದನ್ನು ಕೊಂಡವು. ನಿಂತು ಕೆಲಸ ಮಾಡುವ ಮೇಜು ಬಿಟ್ಟರು, ಸರಿಸುವ ಗೋಡೆಯನ್ನು ಇಟ್ಟುಕೊಂಡರು, ಜಾಗವನ್ನು ಕುಗ್ಗಿಸುತ್ತ ಹೋದರು. ಹೀಗೆ ಹುಟ್ಟಿದ್ದು ಕ್ಯೂಬಿಕಲ್. ಕೊನೆಗಾಲದಲ್ಲಿ ಪ್ರಾಪ್ಸ್ಟನೇ ಇದನ್ನು ಹುಚ್ಚುತನ ಎಂದು ಬೈದ. ಆಮೇಲೆ ಆ ಗೋಡೆಗಳನ್ನೂ ಕೆಡವಿ 'ಓಪನ್ ಆಫೀಸು' ಬಂತು. ಎಲ್ಲರೂ ಎಲ್ಲರೊಡನೆ ಮಾತಾಡಲಿ ಎಂಬುದು ಹೇಳಿದ ಕಾರಣ. ಹಾರ್ವರ್ಡಿನ ಈಥನ್ ಬರ್ನ್‌ಸ್ಟೈನ್ ಮತ್ತು ಸ್ಟೀಫನ್ ಟರ್ಬನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೋಡೆ ಕೆಡವಿದ ಎರಡು ಕಂಪನಿಗಳಲ್ಲಿ ಮುಖಾಮುಖಿ ಮಾತುಕತೆ ಸುಮಾರು ಶೇಕಡಾ 70ರಷ್ಟು ಇಳಿದದ್ದು ಕಂಡುಬಂತು. ಜನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಪಕ್ಕದವನಿಗೇ ಸಂದೇಶ ಕಳಿಸತೊಡಗುತ್ತಾರೆ. ನೆರವಿನ ಹೆಸರಲ್ಲಿ ಒಳಗೆ ಬಂದದ್ದು ಕೊನೆಗೆ ಚದರಡಿಯ ಲೆಕ್ಕವಾಗುವುದು ಇದೇ ಮೊದಲಲ್ಲ.

ಈಗ ನಮ್ಮ ಊರಿನ ಮಾತು. ಡಲ್ಲಾಸ್ ಮೂಲದ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲಿ ಬೆಂಗಳೂರಿಗೆ ಬಂತು. ಅಲ್ಲಿ ಕುಳಿತ ಎಂಜಿನಿಯರುಗಳ ಕೆಲಸ ಉಪಗ್ರಹ ಸಂಪರ್ಕದ ಮೂಲಕ ಇಲ್ಲಿಗೆ ತಲುಪುತ್ತಿತ್ತು. ಬೆಂಗಳೂರು ಬೆಂಗಳೂರಾದದ್ದರಲ್ಲಿ, ನಮ್ಮಲ್ಲಿ ಅರ್ಧ ಜನ ಇಲ್ಲಿಗೆ ಬಂದು ಮುಟ್ಟಿದ್ದರಲ್ಲಿ ಆ ಘಟನೆಯ ಪಾಲು ದೊಡ್ಡದು. ಅಂದರೆ ನಮ್ಮ ಉದ್ಯಮವೇ ನಿಂತಿರುವುದು ಒಂದು ನಂಬಿಕೆಯ ಮೇಲೆ: ಒಟ್ಟಿಗೆ ಕೆಲಸ ಮಾಡುವವರು ಒಂದೇ ಸೂರಿನಡಿ ಇರಬೇಕಾಗಿಲ್ಲ. ನಲವತ್ತು ವರ್ಷ ಈ ನಂಬಿಕೆಯಿಂದ ಹಣ ಮಾಡಿದ ಉದ್ಯಮ ಈಗ ಹೇಳುತ್ತಿದೆ: ಫ್ರಿಸ್ಕೋದ ಮನೆಯಲ್ಲಿ ಕುಳಿತವನು ಪ್ಲೇನೋದ ಕಛೇರಿಗೆ ಹತ್ತು ಮೈಲಿ ಬಂದು ಕೂತರೇನೇ ಸಹಯೋಗ ಸಾಧ್ಯ ಎಂದು. ಹಾಗೆ ಬಂದು ಕೂತವನು ಮಾಡುವುದೇನು? ಬೆಳಿಗ್ಗೆ ಎಂಟಕ್ಕೆ ಬೆಂಗಳೂರಿನವರೊಂದಿಗೆ ವಿಡಿಯೋ ಕರೆ. ಹತ್ತು ಸಾವಿರ ಮೈಲಿಯಾಚೆಗೆ ದೂರ ಅಡ್ಡಿಯಲ್ಲ, ಹತ್ತು ಮೈಲಿ ಅಡ್ಡಿ! ಈ ವಾದವನ್ನು ನಮ್ಮೂರ ಪಂಚಾಯಿತಿ ಕಟ್ಟೆಯಲ್ಲಿ ಮಂಡಿಸಿದ್ದರೆ ಎದ್ದು ನಗುತ್ತಿದ್ದರು.

ಕೂತಿದ್ದಾರೋ ಇಲ್ಲವೋ ಎಂದು ಎಣಿಸಲು ಈಗ ಯಂತ್ರ ಬಂದಿದೆ. ಆಸ್ಟಿನ್ ಪಕ್ಕದ ರೌಂಡ್ ರಾಕಿನ ಡೆಲ್ ಕಂಪನಿಯ ಕಥೆ ಎಲ್ಲರ ಮುಂದೆ ನಡೆದದ್ದು. ಕಛೇರಿಯಲ್ಲಿ ಬಲವಂತವಾಗಿ ಗಂಟೆ ಕಳೆಸಿ ಸಹಯೋಗ ಹುಟ್ಟಿಸಲು ಹೊರಟರೆ ನೀವು ದಾರಿ ತಪ್ಪಿದ್ದೀರಿ ಎಂಬ ಅರ್ಥದ ಮಾತನ್ನು ಮೈಕೆಲ್ ಡೆಲ್ ಅವರೇ 2022ರಲ್ಲಿ ಬರೆದಿದ್ದರು. 2024ರಲ್ಲಿ ಅದೇ ಕಂಪನಿ, ವಾರದಲ್ಲಿ ಸರಾಸರಿ ಮೂರು ದಿನ, ಅಂದರೆ ಮೂರು ತಿಂಗಳಿಗೆ 39 ದಿನ ಕಛೇರಿಗೆ ಬನ್ನಿ, ಇಲ್ಲವಾದರೆ ಮನೆಯಿಂದಲೇ ಕೆಲಸ ಮಾಡುವವರ ಪಟ್ಟಿಗೆ ಸೇರಿ ಬಡ್ತಿಯ ಆಸೆ ಬಿಡಿ ಎಂದಿತು. ಬ್ಯಾಡ್ಜ್ ಉಜ್ಜಿದ ಲೆಕ್ಕ ನೋಡಿ ನೀಲಿ, ಹಸಿರು, ಹಳದಿ, ಕೆಂಪು ಎಂದು ನೌಕರರಿಗೆ ಬಣ್ಣ ಹಚ್ಚುವ ಯೋಜನೆಯನ್ನು ಪತ್ರಿಕೆಗಳು ವರದಿ ಮಾಡಿದವು. 2025ರ ಮಾರ್ಚಿನಿಂದ ಕಛೇರಿಯ ಹತ್ತಿರವಿರುವವರಿಗೆ ವಾರಕ್ಕೆ ಐದು ದಿನ. ಡಲ್ಲಾಸಿನ ಎಟಿ ಅಂಡ್ ಟಿ ಕೂಡ ಅದೇ ವರ್ಷ ಐದು ದಿನಕ್ಕೆ ಬಂತು. ಕಂಪನಿಗಳಿಗೆ ನೀತಿ ಬದಲಿಸುವ ಹಕ್ಕಿಲ್ಲ ಎನ್ನುತ್ತಿಲ್ಲ. ಬಾಗಿಲು ತೆಗೆಯಲೆಂದು ಕೊಟ್ಟ ಪ್ಲಾಸ್ಟಿಕ್ ತುಂಡು ಹಾಜರಿ ಪುಸ್ತಕವಾದದ್ದನ್ನು ಗಮನಿಸಿ ಎನ್ನುತ್ತಿದ್ದೇನೆ.

ಹಾಜರಿ ಪುಸ್ತಕ ಎಂದರೆ ನಮಗೆ ಹೇಳಿಕೊಡಬೇಕೇ? ನಮ್ಮ ತಾಲ್ಲೂಕು ಕಛೇರಿಗಳಲ್ಲಿ ಕುರ್ಚಿಯ ಬೆನ್ನಿಗೆ ಕೋಟು ತೂಗುಹಾಕಿ, ಮೇಜಿನ ಮೇಲೆ ಕನ್ನಡಕ ಇಟ್ಟು, ಕಾಫಿಗೆಂದು ಹೋದ ಗುಮಾಸ್ತರು ಸಂಜೆಗೆ ಬರುತ್ತಿದ್ದರು. ಸಾಹೇಬರು ಇಣುಕಿದರೆ ಕೋಟು ಹಾಜರು. ಇಂದಿನ ಕೋಟಿನ ಹೆಸರು ಮೌಸ್ ಜಿಗ್ಲರ್. ಮೌಸನ್ನು ತಾನಾಗಿ ಅಲ್ಲಾಡಿಸುತ್ತ 'ಇವನು ಎಚ್ಚರವಾಗಿದ್ದಾನೆ' ಎಂದು ತೋರಿಸುವ ಪುಟ್ಟ ಯಂತ್ರ. ಕೀಲಿಮಣೆ ಒತ್ತಿದಂತೆ ನಟಿಸಿದರೆಂದು ವೆಲ್ಸ್ ಫಾರ್ಗೋ ಬ್ಯಾಂಕು 2024ರಲ್ಲಿ ಹನ್ನೆರಡಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸಿತು. ಬ್ಯಾಡ್ಜ್ ಉಜ್ಜಿ, ಒಂದು ಕಾಫಿ ಕುಡಿದು, ಮರಳಿ ಕಾರು ಹತ್ತುವುದಕ್ಕೆ ಇಲ್ಲಿ 'ಕಾಫಿ ಬ್ಯಾಡ್ಜಿಂಗ್' ಎನ್ನುತ್ತಾರೆ. ಮೋಸ ಮಾಡುವವರನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಕೆಲಸವನ್ನು ಅಳೆಯಲು ಬಾರದವನು ಕುರ್ಚಿಯನ್ನು ಅಳೆಯುತ್ತಾನೆ, ಕುರ್ಚಿಯನ್ನು ಅಳೆದರೆ ಜನ ಕುರ್ಚಿಗೆ ಕೋಟು ಹಾಕುತ್ತಾರೆ. ಸಾವಿರಾರು ಡಾಲರಿನ ಸೆನ್ಸರು ತಂದು ಈ ಹಳೆಯ ನಾಟಕವನ್ನೇ ಹೊಸ ರಂಗದ ಮೇಲೆ ಆಡುತ್ತಿದ್ದೇವೆ.

ಮೇಜು ಕಾಯ್ದಿರಿಸುವ ಆ್ಯಪನ್ನೇ ನೋಡಿ. ಹೇಳುವುದು 'ನಿಮಗೆ ಬೇಕಾದ ಕಡೆ ಕೂರುವ ಸ್ವಾತಂತ್ರ್ಯ' ಎಂದು. ನಡೆಯುವುದು ಕೆಂಪು ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆಯುವ ಕೆಲಸ. ಹಿಂದಿನ ರಾತ್ರಿಯೇ ಟವೆಲ್ ಎಸೆಯದಿದ್ದರೆ ಬೆಳಿಗ್ಗೆ ಶೌಚಾಲಯದ ಪಕ್ಕದ ಮೇಜು. ಸೊಂಟನೋವಿನವರು ತಮ್ಮ ಕುರ್ಚಿಯ ಎತ್ತರವನ್ನು ದಿನಾ ಹೊಸದಾಗಿ ಸರಿಮಾಡಿಕೊಳ್ಳಬೇಕು. ಮಗುವಿನ ಚಿತ್ರ ಇಡಲು, ಗಣಪತಿಯ ಪುಟ್ಟ ಮೂರ್ತಿ ಇಡಲು ಜಾಗವಿಲ್ಲ. ಆ್ಯಪಿಗೆ ಮಾತ್ರ ನೀವು ಯಾವ ದಿನ, ಯಾರ ಪಕ್ಕ, ಎಷ್ಟು ಹೊತ್ತು ಕೂತಿರಿ ಎಂಬುದು ಗೊತ್ತು. ಲಂಡನ್ನಿನ ಡೈಲಿ ಟೆಲಿಗ್ರಾಫ್ ಪತ್ರಿಕೆಯ ಕಛೇರಿಯಲ್ಲಿ 2016ರ ಜನವರಿಯ ಒಂದು ಬೆಳಿಗ್ಗೆ ಮೇಜುಗಳ ಕೆಳಗೆ ಸೆನ್ಸರುಗಳು ಕಾಣಿಸಿಕೊಂಡವು. ವಿದ್ಯುತ್ ಉಳಿಸಲು ಎಂಬುದು ಕೊಟ್ಟ ಕಾರಣ. ಪತ್ರಕರ್ತರು ಗಲಾಟೆ ಮಾಡಿದರು. ಅದೇ ದಿನ ಸೆನ್ಸರುಗಳು ಹೊರಬಿದ್ದವು. ಮೈಕ್ರೋಸಾಫ್ಟ್ 2020ರಲ್ಲಿ ತಂದ 'ಪ್ರೊಡಕ್ಟಿವಿಟಿ ಸ್ಕೋರ್'ನಲ್ಲಿ ಒಬ್ಬೊಬ್ಬ ನೌಕರನ ಹೆಸರೂ ಕಾಣುತ್ತಿತ್ತು. ಟೀಕೆ ಬಂದ ಮೇಲೆ ಡಿಸೆಂಬರಿನಲ್ಲಿ ಹೆಸರುಗಳನ್ನು ತೆಗೆದರು. ಕೇಳಿದರೆ ಬದಲಾಗುತ್ತದೆ ಎಂಬುದಕ್ಕೆ ಇವೆರಡು ಸಾಕ್ಷಿ.

ಹಾಗಾದರೆ ನಿಜವಾದ ನೆರವು ಯಾವುದು? ಟೆಕ್ಸಸ್ಸಿನ ಆಗಸ್ಟಿನಲ್ಲಿ ಹೊರಗೆ ನೂರು ಡಿಗ್ರಿ ದಾಟಿದ ಬಿಸಿಲು. ಒಳಗೆ ನಮ್ಮ ಹೆಣ್ಣುಮಕ್ಕಳು ಶಾಲು ಹೊದ್ದು, ಕಾಲಿನ ಬಳಿ ಪುಟ್ಟ ಹೀಟರ್ ಇಟ್ಟುಕೊಂಡು ಕೂತಿರುತ್ತಾರೆ. ಅಮೆರಿಕದ ಮೊದಲ ಹವಾನಿಯಂತ್ರಿತ ಬಹುಮಹಡಿ ಕಛೇರಿ ಕಟ್ಟಡ ಎಂದು ಹೆಸರಾದ ಮೈಲಮ್ ಬಿಲ್ಡಿಂಗ್ ಇದೇ ರಾಜ್ಯದ ಸ್ಯಾನ್ ಆಂಟೋನಿಯೋದಲ್ಲಿ 1928ರಲ್ಲಿ ತೆರೆಯಿತು. ಸುಮಾರು ನೂರು ವರ್ಷವಾಯಿತು, ಚಳಿ ಮಾತ್ರ ತಪ್ಪಲಿಲ್ಲ. ಕಾರಣ 2015ರಲ್ಲಿ 'ನೇಚರ್ ಕ್ಲೈಮೇಟ್ ಚೇಂಜ್' ಪತ್ರಿಕೆಯಲ್ಲಿ ಇಬ್ಬರು ಡಚ್ ವಿಜ್ಞಾನಿಗಳು ಬರೆದ ಲೇಖನದಲ್ಲಿದೆ. ಕಛೇರಿಗಳ ಉಷ್ಣತೆಯನ್ನು ನಿಗದಿ ಮಾಡುವ ಸೂತ್ರ 1960ರ ದಶಕದ್ದು, ಅದರಲ್ಲಿ ಲೆಕ್ಕಕ್ಕಿರುವ ದೇಹ 40 ವರ್ಷದ, 70 ಕಿಲೋ ತೂಕದ ಗಂಡಸಿನದು. ಹೆಂಗಸರ ದೇಹ ಹುಟ್ಟಿಸುವ ಶಾಖವನ್ನು ಅದು ಶೇಕಡಾ 35ರಷ್ಟು ಹೆಚ್ಚಾಗಿ ಎಣಿಸಬಹುದು. 2019ರಲ್ಲಿ ಬರ್ಲಿನ್ನಿನಲ್ಲಿ ನಡೆದ ಪ್ರಯೋಗವೊಂದರಲ್ಲಿ ಕೋಣೆ ಬೆಚ್ಚಗಾದಂತೆ ಹೆಂಗಸರು ಗಣಿತದಲ್ಲೂ ಭಾಷೆಯಲ್ಲೂ ಹೆಚ್ಚು ಅಂಕ ಪಡೆದರು. ಗಂಡಸರಿಗೆ ಆದ ನಷ್ಟ ಅದಕ್ಕಿಂತ ಕಡಿಮೆ.

ಸೆನ್ಸರುಗಳಿಂದ ತುಂಬಿದ ಕಟ್ಟಡದಲ್ಲಿ ಪ್ರತಿ ಮೇಜಿನ ಬಳಿ ಗಾಳಿಯನ್ನು ಕೊಂಚ ಕಡಿಮೆ ಮಾಡುವ ಗುಂಡಿ ಯಾಕಿಲ್ಲ? ಗೋಡೆಯ ಮೇಲಿನ ಥರ್ಮೋಸ್ಟಾಟ್ ಎಷ್ಟೋ ಕಡೆ ಬೀಗ ಹಾಕಿದ ಪೆಟ್ಟಿಗೆಯೊಳಗಿದೆ. ನೀವು ಕುರ್ಚಿ ಬಿಟ್ಟು ಎದ್ದದ್ದು ನಿಮಿಷದೊಳಗೆ ಕಟ್ಟಡಕ್ಕೆ ತಿಳಿಯುತ್ತದೆ. ನಿಮಗೆ ಚಳಿಯಾಗುತ್ತಿರುವುದು ಮೂರು ಟಿಕೆಟ್ ಹಾಕಿದರೂ ತಿಳಿಯುವುದಿಲ್ಲ. ಸಿಂಗರ್ ಪರೀಕ್ಷೆಯಲ್ಲಿ ನಮ್ಮ ಸ್ಮಾರ್ಟ್ ಕಟ್ಟಡ ಫೇಲಾಗುವುದು ಇಲ್ಲೇ.

ಪಾಸಾಗುವ ಉದಾಹರಣೆಗಳೂ ಇವೆ. ಅಂಗವಿಕಲರ ಹಕ್ಕಿನ ಕಾನೂನು ಈ ದೇಶಕ್ಕೆ 1990ರಲ್ಲಿ ಬಂತು. ತೆರೆಯನ್ನು ಓದಿ ಹೇಳುವ ತಂತ್ರಾಂಶ, ಏರಿಸಿ ಇಳಿಸುವ ಮೇಜು, ಮೀಟಿಂಗಿನ ಮಾತನ್ನು ಬರಹದಲ್ಲಿ ತೋರಿಸುವ ವ್ಯವಸ್ಥೆ, ಇವೆಲ್ಲ ಯಾರದೋ ಕಷ್ಟ ಕಂಡು ಹುಟ್ಟಿದವು. ಕಿವಿ ಮಂದವಾದ ಹಿರಿಯರಿಗೂ, ಟೆಕ್ಸಸ್ಸಿನ ಎಳೆದೆಳೆದು ಆಡುವ ಇಂಗ್ಲಿಷಿಗೆ ಒಗ್ಗದ ಹೊಸಬರಿಗೂ ಆ ಬರಹ ದೊಡ್ಡ ಆಸರೆ. ಆದರೆ ಅದೇ ಬರಹ ಈಗ ಎಐ ಬರೆಯುವ ಮೀಟಿಂಗಿನ ಸಾರಾಂಶವಾಗಿ, ಯಾರು ಏನು ಒಪ್ಪಿಕೊಂಡರು ಎಂಬ ದಾಖಲೆಯಾಗುತ್ತಿದೆ. 2020ರ ಒಂದು ಅಧ್ಯಯನದಲ್ಲಿ ಐದು ದೊಡ್ಡ ಕಂಪನಿಗಳ ಮಾತು ಗುರುತಿಸುವ ತಂತ್ರಾಂಶಗಳು ಬಿಳಿಯರ ಮಾತಿನಲ್ಲಿ ನೂರಕ್ಕೆ 19 ಪದಗಳನ್ನು ತಪ್ಪಿದರೆ, ಕರಿಯರ ಮಾತಿನಲ್ಲಿ 35 ಪದ ತಪ್ಪಿದವು. ಇಲ್ಲೇ ಹುಟ್ಟಿ ಬೆಳೆದವರ ಗತಿ ಹೀಗಾದರೆ, ಹಾಸನದಿಂದಲೋ ಗುಲಬರ್ಗಾದಿಂದಲೋ ಬಂದು ಇಂಗ್ಲಿಷ್ ಕಲಿತವರ ಮಾತನ್ನು ಯಂತ್ರ ಹೇಗೆ ಕೇಳಿಸಿಕೊಂಡೀತು? ಆಸರೆಗೆ ಬಂದದ್ದು ಸಾಕ್ಷಿಯಾದರೆ, ಆ ಸಾಕ್ಷಿಯನ್ನು ತಿದ್ದುವ ಹಕ್ಕು ನಮಗಿರಬೇಡವೇ?

ಹಕ್ಕಿನ ಮಾತು ಬಂದಾಗ ಟೆಕ್ಸಸ್ ಎಂಥ ನಾಡು ಎಂಬುದನ್ನು ಊರಿನ ಓದುಗರಿಗೂ ಹೇಳಬೇಕು. ನೌಕರರ ಕಂಪ್ಯೂಟರಿನ ಮೇಲೆ ಕಣ್ಣಿಡುವ ಮೊದಲು ಅವರಿಗೆ ಬರಹದಲ್ಲಿ ತಿಳಿಸಬೇಕೆಂದು ನ್ಯೂಯಾರ್ಕ್ ರಾಜ್ಯ 2022ರಿಂದ ಕಡ್ಡಾಯ ಮಾಡಿತು. ಟೆಕ್ಸಸ್ಸಿನಲ್ಲಿ ಅಂಥ ಕಾನೂನಿಲ್ಲ. 2024ರ ಜುಲೈನಲ್ಲಿ ಜಾರಿಗೆ ಬಂದ ಇಲ್ಲಿಯ ಖಾಸಗಿ ಮಾಹಿತಿ ಕಾನೂನು ನೀವು ಗ್ರಾಹಕರಾಗಿದ್ದಾಗ ಕಾಯುತ್ತದೆ, ನೌಕರರಾಗಿದ್ದಾಗ ಅಲ್ಲ. ರಾತ್ರಿ ಸೋಫಾದ ಮೇಲೆ ಕೂತು ಆನ್‌ಲೈನಿನಲ್ಲಿ ಕುಕ್ಕರ್ ಕೊಂಡರೆ ನಿಮ್ಮ ಮಾಹಿತಿಗೆ ಬೆಲೆ ಇದೆ, ಬೆಳಿಗ್ಗೆ ಕಛೇರಿಯ ಕುರ್ಚಿಯಲ್ಲಿ ಕೂತರೆ ಇಲ್ಲ. ಬೆರಳಚ್ಚು, ಮುಖಚಹರೆಗಳ ಬಗ್ಗೆ 2009ರ ಕಾನೂನೊಂದಿದೆ. ಆದರೆ ದಾವೆ ಹೂಡುವ ಅಧಿಕಾರ ರಾಜ್ಯದ ಅಟಾರ್ನಿ ಜನರಲ್‌ಗೆ ಮಾತ್ರ. ಇಲಿನಾಯ್ ರಾಜ್ಯದಲ್ಲಾದರೆ ಸಾಮಾನ್ಯ ನೌಕರನೂ ಕೋರ್ಟಿಗೆ ಹೋಗಬಹುದು. ಊರಿನವರು ನೆಮ್ಮದಿಯಾಗಿರುವಂತಿಲ್ಲ: ಭಾರತದ 2023ರ ದತ್ತಾಂಶ ಕಾನೂನು ಕೂಡ ಉದ್ಯೋಗದ ಉದ್ದೇಶಕ್ಕೆ ನೌಕರರ ಒಪ್ಪಿಗೆಯಿಲ್ಲದೆ ಮಾಹಿತಿ ಬಳಸಲು ಬಾಗಿಲು ತೆರೆದಿಟ್ಟಿದೆ. ಯುರೋಪಿನಲ್ಲಿ ನೌಕರರ ಮುಖ ನೋಡಿ ಭಾವನೆ ಅಳೆಯುವ ಎಐಯನ್ನು 2025ರ ಫೆಬ್ರವರಿಯಿಂದ ನಿಷೇಧಿಸಿದ್ದಾರೆ. ಬೇಕೆಂದರೆ ಕಾನೂನು ಮಾಡಲಾಗುತ್ತದೆ ಎಂದಾಯಿತು.

ಇದರ ಮೇಲೆ ವೀಸಾ. ಎಚ್-1ಬಿ ಮೇಲಿರುವವರಿಗೆ ಕೆಲಸ ಹೋದರೆ ಸಿಗುವ ಕಾಲಾವಕಾಶ ಹೆಚ್ಚೆಂದರೆ 60 ದಿನ. ಗ್ರೀನ್ ಕಾರ್ಡಿನ ಸಾಲಿನಲ್ಲಿ ಭಾರತದವರು ವರ್ಷಗಟ್ಟಲೆ ನಿಂತಿದ್ದಾರೆ; ಯಾವ ದೇಶಕ್ಕೂ ಶೇಕಡಾ ಏಳಕ್ಕಿಂತ ಹೆಚ್ಚು ಇಲ್ಲ ಎಂಬ ಮಿತಿ ಅದಕ್ಕೆ ಕಾರಣ. ಇಂಥವರ ಹೆಸರಿನ ಮುಂದೆ ಹಳದಿಯೋ ಕೆಂಪೋ ಬಣ್ಣ ಬಿದ್ದರೆ ಅದು ಮಕ್ಕಳ ಶಾಲೆ, ಮನೆಯ ಸಾಲ, ಊರಿಗೆ ಹೋಗಿಬರುವ ಟಿಕೆಟ್ಟು ಎಲ್ಲಕ್ಕೂ ಬಿದ್ದ ಬಣ್ಣ. ಅಮ್ಮನಿಗೆ ಹುಷಾರಿಲ್ಲವೆಂದು ರಾತ್ರಿಯಿಡೀ ಮೈಸೂರಿನ ಡಾಕ್ಟರೊಡನೆ ಮಾತಾಡಿ, ಬೆಳಿಗ್ಗೆ ತಡವಾಗಿ ಬಂದವನ ಕಥೆ ಬ್ಯಾಡ್ಜಿನ ಲೆಕ್ಕದಲ್ಲಿ ಇರುವುದಿಲ್ಲ. ಹಿಂದೆ ಅದನ್ನು ಮ್ಯಾನೇಜರಿಗೆ ಹೇಳಿದರೆ ಮುಗಿಯುತ್ತಿತ್ತು. ಈಗ ಮ್ಯಾನೇಜರೂ ಕೈಚೆಲ್ಲುತ್ತಾನೆ, 'ಸಿಸ್ಟಮ್ ಹಾಗೆ ತೋರಿಸುತ್ತಿದೆ' ಎಂದು. ಈ ತಂತ್ರಜ್ಞಾನ ಕದ್ದ ದೊಡ್ಡ ವಸ್ತು ಖಾಸಗಿತನವೂ ಅಲ್ಲ, ಕರುಣೆ ತೋರಿಸುವ ಅಧಿಕಾರ.

ಎದುರುವಾದಗಳನ್ನು ತಳ್ಳಿಹಾಕುವುದಿಲ್ಲ. ಬೆಂಕಿ ಬಿದ್ದರೆ ಒಳಗೆ ಯಾರಿದ್ದಾರೆ ಎಂದು ತಿಳಿಯಬೇಕು, ಬಾಗಿಲಿಗೆ ಬೀಗ ಬೇಕು, ಖಾಲಿ ಮಹಡಿಗೆ ಎಸಿ ಹಾಕುವುದು ಪಾಪ. ನಿನ್ನೆ ವಿಮಾನ ಇಳಿದ ಹುಡುಗನಿಗೆ ಕಛೇರಿಯೇ ನೆಂಟರ ಮನೆ. ಕೆಲಸದ ಗುಟ್ಟು ಅವನಿಗೆ ದಾಟುವುದು ಹಿರಿಯರ ಪಕ್ಕ ಕೂತಾಗ. ಎಲ್ಲ ಒಪ್ಪಿದೆ. ಚೀನಾದ ಟ್ರಿಪ್ ಡಾಟ್ ಕಾಮ್ ಕಂಪನಿಯ 1,612 ನೌಕರರ ಮೇಲೆ ನಡೆದು 2024ರಲ್ಲಿ 'ನೇಚರ್'ನಲ್ಲಿ ಪ್ರಕಟವಾದ ಪ್ರಯೋಗ ಹೇಳುವುದೂ ಇದನ್ನೇ: ಮೂರು ದಿನ ಕಛೇರಿ, ಎರಡು ದಿನ ಮನೆ. ಕೆಲಸದ ಗುಣಮಟ್ಟ ಇಳಿಯಲಿಲ್ಲ, ಕೆಲಸ ಬಿಟ್ಟು ಹೋಗುವವರು ಮೂರನೇ ಒಂದರಷ್ಟು ಕಡಿಮೆಯಾದರು. ಕಛೇರಿ ಬೇಡವೆಂಬುದು ನನ್ನ ವಾದವಲ್ಲ. ಬೆಂಕಿಯ ಹೆಸರಲ್ಲಿ ತೆಗೆದುಕೊಂಡ ಲೆಕ್ಕವನ್ನು ಬಡ್ತಿಯ ಕಡತಕ್ಕೆ ಹಾಕಬೇಡಿ ಎಂಬುದು ವಾದ. ಶಾನುಭೋಗರ ಪುಸ್ತಕದಲ್ಲಿ ಒಂದು ತಲೆಬರಹದಡಿ ಬರೆದ ಕಾಸನ್ನು ಇನ್ನೊಂದಕ್ಕೆ ತೋರಿಸಿದರೆ ಅದಕ್ಕೆ ಒಂದು ಹೆಸರಿತ್ತು.

ಇನ್ನು ನಮ್ಮ ಪಾಲಿನ ಮಾತು. ಈ ಸೆನ್ಸರುಗಳಿಗೆ ಕೋಡ್ ಬರೆಯುವವರಲ್ಲಿ, ಆ ಡ್ಯಾಶ್‌ಬೋರ್ಡಿಗೆ ಬಣ್ಣ ಆಯ್ದವರಲ್ಲಿ, ಅದನ್ನು ಕೊಳ್ಳಲು ಸಹಿ ಹಾಕಿದ ಡೈರೆಕ್ಟರುಗಳಲ್ಲಿ ನಮ್ಮವರು ಕಡಿಮೆಯೇನಿಲ್ಲ. ಹ್ಯೂಸ್ಟನ್, ಡಲ್ಲಾಸ್, ಆಸ್ಟಿನ್ ಎಲ್ಲೇ ಆಗಲಿ, ಯುಗಾದಿಯ ಊಟದ ಪಂಕ್ತಿಯಲ್ಲಿ ಎಣಿಸಲ್ಪಡುವವರೂ ಎಣಿಸುವವರೂ ಅಕ್ಕಪಕ್ಕ ಕೂತು ಹೋಳಿಗೆ ತಿನ್ನುತ್ತಿದ್ದಾರೆ. ಕಾಯಕಕ್ಕೆ ಅಷ್ಟು ದೊಡ್ಡ ಸ್ಥಾನ ಕೊಟ್ಟ ನುಡಿ ನಮ್ಮದು. ಕಾಯಕವನ್ನು ಕುರ್ಚಿಯ ಬಿಸಿಯಿಂದ ಅಳೆಯುವ ಯಂತ್ರಕ್ಕೆ ನಮ್ಮ ಬುದ್ಧಿ ಬಾಡಿಗೆಗೆ ಹೋಗುವಾಗ ಒಂದು ಪ್ರಶ್ನೆಯನ್ನಾದರೂ ಕೇಳಬೇಡವೇ?

ಕೇಳಬೇಕಾದ್ದು ನಾಲ್ಕೇ. ದೀಪಕ್ಕೆ, ಗಾಳಿಗೆ ಸಂಗ್ರಹಿಸಿದ ಮಾಹಿತಿ ಎಚ್‌ಆರ್ ವಿಭಾಗದ ಕೈಗೆ ಹೋಗುತ್ತದೆಯೇ? ಹೆಸರಿಲ್ಲದೆ, ಮಹಡಿಯ ಒಟ್ಟು ಲೆಕ್ಕದಲ್ಲಿ ಕೆಲಸ ನಡೆಯುವಾಗ ಒಬ್ಬೊಬ್ಬರ ಹೆಸರು ಯಾಕೆ ಬೇಕು? ನನ್ನ ಬಗ್ಗೆ ಯಂತ್ರ ಬರೆದದ್ದನ್ನು ಮೊದಲು ನನಗೆ ತೋರಿಸಿ, ತಪ್ಪಿದ್ದರೆ ತಿದ್ದಲು ಬಿಡುತ್ತೀರಾ? ನೆರವು ಎಂದು ಕೊಟ್ಟದ್ದನ್ನು ಬೇಡವೆನ್ನುವ ಗುಂಡಿ ಎಲ್ಲಿದೆ? ವೀಸಾದ ಮೇಲಿರುವ ಹುಡುಗ ಇದನ್ನು ಕೇಳಲಾರ. ಪೌರತ್ವ ಸಿಕ್ಕು, ಮನೆಯ ಸಾಲ ತೀರಿ, ಡೈರೆಕ್ಟರೋ ಆರ್ಕಿಟೆಕ್ಟೋ ಆಗಿ ಕೂತಿರುವ ನಾವು ಕೇಳಬಹುದು. ಹೊಸ ಕಛೇರಿಯ ನಕ್ಷೆ ಮೇಜಿನ ಮೇಲೆ ಬಂದ ದಿನ, ಸಹಿ ಹಾಕುವ ಮುನ್ನ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಬರೆದುಕೊಡಲು ಒಪ್ಪದ ನೆರವು ನೆರವಲ್ಲ.